ಪೇಷಂಟ್ ಕಡೆಯವರು

ಜಿಲ್ಲಾ ಆಸ್ಪತ್ರೆ, ಮೂರನೇ ವಾರ್ಡು
ಮಾರ್ಚ್ ೯

ಪ್ರೀತಿಯ ಶಾಯಿ,

ಮೂವತ್ತೆಂಟು ತುಂಬಿದ, ಆರೋಗ್ಯ ನಿರ್ದೇಶಕರ ಕಚೇರಿಯಲ್ಲಿ ಕೂತು ಸುತ್ತೋಲೆ ಬರೆಯುವ ಮನುಷ್ಯನನ್ನು ಇನ್ನೂ ಹೀಗೆ ಕರೆಯಬಾರದು ಎಂದು ಹೋದ ಸಲ ನೀನು ಬರೆದಿದ್ದೆ. ಆರನೇ ವಯಸ್ಸಿನಲ್ಲಿ ಅರ್ಧ ಬಾಟಲಿ ಶಾಯಿ ಕುಡಿದು, ನೀಲಿ ನಾಲಿಗೆ ಚಾಚಿಕೊಂಡು ಬೀದಿಯೆಲ್ಲ ತಿರುಗಿದವನನ್ನು ಇನ್ನೇನಂತ ಕರೆಯಲಿ? ನೀನು ನಿರ್ದೇಶಕನೇ ಆದರೂ ನನಗೆ ಶಾಯಿಯೇ.

ಔಷಧದ ವ್ಯಾನು ವಾರದ ವರದಿಯ ಚೀಲ ತೆಗೆದುಕೊಂಡು ಹೊರಡುವುದರಲ್ಲಿದೆ. ಸರ್ಕಾರಿ ಚೀಲದಲ್ಲಿ ಮನೆಯ ಕಾಗದ ತೂರಿಸುವ ನಮ್ಮ ಕಳ್ಳತನಕ್ಕೆ ಈ ತಿಂಗಳಿಗೆ ಹನ್ನೊಂದು ವರ್ಷ. ಫೋನು ಮಾಡೋಣವೆಂದರೆ ಈ ಊರಿನ ಒಂದೇ ಒಂದು ಟವರು ಜೋರಾಗಿ ಗಾಳಿ ಬೀಸಿದರೂ ಮಲಗಿಬಿಡುತ್ತದೆ.

ಹೊರದೇಶಗಳಲ್ಲಿ ಎದ್ದಿರುವ ಜ್ವರದ ಸುದ್ದಿ ಇಲ್ಲಿಗೂ ಬಂದಿದೆ, ಜ್ವರ ಇನ್ನೂ ಬಂದಿಲ್ಲ. ಬಂದರೆ ಏನು ಮಾಡುತ್ತೀರಿ ಎಂದು ಕೇಳಬೇಡ. ಅರವತ್ತನಾಲ್ಕು ಹಾಸಿಗೆ, ಪಾಳಿಗೆ ಇಬ್ಬರು ನರ್ಸುಗಳು. ಒಬ್ಬಳು ರಜೆ ಹಾಕಿದರೆ ಒಬ್ಬಳೇ. ಆದರೂ ವಾರ್ಡು ನಡೆಯುತ್ತಿದೆ ಎಂದರೆ ಅದು ಪೇಷಂಟ್ ಕಡೆಯವರಿಂದ. ಉಣಿಸುವುದು, ಮಗ್ಗುಲು ಬದಲಿಸುವುದು, ಬೆಡ್‌ಪ್ಯಾನ್ ಇಡುವುದು, ಡ್ರಿಪ್ಪು ಮುಗಿಯುತ್ತಾ ಬಂದಾಗ ಓಡಿ ಬಂದು ಕೂಗುವುದು, ಎಲ್ಲ ಅವರೇ. ನಮ್ಮ ಗೇಟಿನವನು ಗೊತ್ತಲ್ಲ, ಯಾರು ಬಂದರೂ ಅವನದು ಒಂದೇ ಪ್ರಶ್ನೆ: "ಯಾರ ಕಡೆಯವ್ರು?" ಹಾಸಿಗೆ ನಂಬರು ಹೇಳಿದರೆ ಬಿಡುತ್ತಾನೆ. ಹೋದ ವಾರ ಜಿಲ್ಲಾಧಿಕಾರಿಗಳನ್ನೂ ಹಾಗೇ ಕೇಳಿ ನನ್ನ ಮಾನ ಕಳೆದ.

ದೊಡ್ಡಮ್ಮ ಚೆನ್ನಾಗಿದ್ದಾಳೆ. ಕಿವಿ ಈಗ ಪೂರ್ತಿ ಹೋಗಿದೆ, ಆದರೆ ತುಟಿ ನೋಡಿಯೇ ಎಲ್ಲ ಹಿಡಿದುಬಿಡುತ್ತಾಳೆ. ಎದುರು ನಿಂತು ಮಾತಾಡಿದರೆ ಕಿವಿ ಕೇಳದು ಎಂದು ಹೊಸಬರಿಗೆ ಗೊತ್ತೇ ಆಗುವುದಿಲ್ಲ. ತಿಳಿಯದಿದ್ದರೆ ಅದೇ ಹಳೇ ಚಾಳಿ. ನಗುವುದು, ಕೈ ಆಡಿಸುವುದು, "ಬೇಡಪ್ಪಾ, ಸಾಕು" ಅನ್ನುವುದು. ಇನ್ನೊಮ್ಮೆ ಹೇಳಿ ಎಂದು ಯಾರಿಗೂ ತೊಂದರೆ ಕೊಡಬಾರದಂತೆ. ಮೊನ್ನೆ ಶಾಲೆಯ ಅಂಗಳದಲ್ಲಿ ಪುಕ್ಕಟೆ ಕನ್ನಡಕ ಹಂಚುವವರು ಬಗ್ಗಿಕೊಂಡು ಏನೋ ಕೇಳಿದ್ದಾರೆ, ಮುಖ ಕಾಣಿಸಿಲ್ಲ. ಇವಳು "ಬೇಡಪ್ಪಾ, ಸಾಕು" ಎಂದು ನಗುನಗುತ್ತಾ ಬರಿಗೈಲಿ ಮನೆಗೆ ಬಂದಿದ್ದಾಳೆ. ಎರಡು ತಾಸು ಸಾಲಿನಲ್ಲಿ ನಿಂತಿದ್ದು ಅದಕ್ಕೇ!

ಈಗ ಹೊಲಿಗೆ ಮಿಷನ್ನಿನ ಮುಂದೆ ಕೂತು ವಾರ್ಡಿಗೆಲ್ಲ ಮಾಸ್ಕು ಹೊಲಿಯುತ್ತಿದ್ದಾಳೆ. ಒಂದನ್ನು ನನ್ನ ಮುಖಕ್ಕೆ ಕಟ್ಟಿ ನೋಡಿ, "ಚೆನ್ನಾಗೇನೋ ಕೂತಿದೆ, ಆದ್ರೆ ನೀನು ನನ್ನ ಬೈದ್ರೂ ಗೊತ್ತಾಗಲ್ವಲ್ಲೇ" ಎಂದಳು. ಇಬ್ಬರೂ ನಕ್ಕೆವು.

ನಿನ್ನ ಅಕ್ಕ

—

ಆರೋಗ್ಯ ನಿರ್ದೇಶನಾಲಯ, ಎರಡನೇ ಮಹಡಿ
ಮಾರ್ಚ್ ೧೬

ಅಕ್ಕಾ,

ಈ ಸಲ ನಿನ್ನ ತಮ್ಮನ ಬೆನ್ನು ತಟ್ಟು. ಇದರ ಜೊತೆಗೆ ಬಂದಿರುವ ಸುತ್ತೋಲೆ ಪೂರ್ತಿ ನನ್ನದು. ಮುನ್ನೂರ ನಲವತ್ತು ಪುಟದ ಹೊರದೇಶದ ಮಾರ್ಗಸೂಚಿ ತಂದು ಮೇಜಿನ ಮೇಲೆ ಕುಕ್ಕಿ, "ನಾಳೆ ಸಾಯಂಕಾಲದೊಳಗೆ ಎರಡು ಪುಟಕ್ಕೆ ಇಳಿಸು" ಎಂದರು. ಮೊದಲ ಅಧ್ಯಾಯಗಳೆಲ್ಲ ಕಟ್ಟಡ, ಸಿಬ್ಬಂದಿ ಅಂತ ಪೀಠಿಕೆ. ಅದನ್ನು ಬಿಟ್ಟು ನೇರ ನಿಯಮಗಳಿಗೆ ಹೋದೆ. ಒಂಬತ್ತು ಅಂಶ ಮಾಡಿದೆ. ನಿರ್ದೇಶಕರು ಒಂದಕ್ಷರ ತಿದ್ದದೆ ಸಹಿ ಹಾಕಿದರು. ಇಷ್ಟು ವರ್ಷದ ನೌಕರಿಯಲ್ಲಿ ಇದೇ ಮೊದಲು.

ನಾಲ್ಕನೇ ಅಂಶ ನೋಡು: "ರೋಗಿಗಳೊಂದಿಗೆ ಯಾವುದೇ ಕಾರಣಕ್ಕೂ ಯಾರೂ ಇರತಕ್ಕದ್ದಲ್ಲ." ಸೋಂಕು ಮನೆಗಳಿಗೆ ಹರಡುವುದೇ ಹೀಗೆ ಬಂದು ಹೋಗುವವರಿಂದ ಅಂತೆ. ನೀನೇ ಎಷ್ಟು ಸಲ ಬರೆದಿಲ್ಲ, ವಾರ್ಡು ಸಂತೆಯಾಗಿದೆ, ಕಾಲಿಡಲು ಜಾಗವಿಲ್ಲ ಎಂದು? ನಿನ್ನನ್ನು ನೆನೆಸಿಕೊಂಡೇ ಅದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದೆ.

ಇಲ್ಲಿ ಮೊದಲ ಇಪ್ಪತ್ತು ಜನಕ್ಕೆ ಜ್ವರ ಖಚಿತವಾಗಿದೆ. ಬೀದಿಗಳು ಖಾಲಿ. ಕಚೇರಿಯ ಲಿಫ್ಟಿನಲ್ಲಿ ಯಾರಾದರೂ ಕೆಮ್ಮಿದರೆ ಉಳಿದವರು ಮುಂದಿನ ಮಹಡಿಯಲ್ಲೇ ಇಳಿದುಬಿಡುತ್ತಾರೆ. ದೊಡ್ಡಮ್ಮನನ್ನು ಹೊರಗೆ ಬಿಡಬೇಡ. ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನೂ ಆ ಮಿಷನ್ನು ತುಳಿದೇ ಸಾಕಿದವಳು. ಅವಳಿಗೆ ಏನಾದರೂ ಆದರೆ ನನ್ನ ಕೈಲಿ ತಡೆದುಕೊಳ್ಳಲಾಗದು.

ನಿನ್ನ ತಮ್ಮ
(ಶಾಯಿ ಎಂದು ನಾನಾಗಿ ಸಹಿ ಹಾಕುವುದಿಲ್ಲ)

—

ಮೂರನೇ ವಾರ್ಡು
ಮಾರ್ಚ್ ೩೦

ಶಾಯಿ,

ಹೋದ ವಾರ ಬರೆಯಲಾಗಲಿಲ್ಲ. ಜ್ವರ ಬಂತು. ಮೊದಲ ದಿನ ಮೂರು ಜನ, ಐದನೇ ದಿನಕ್ಕೆ ವಾರ್ಡು ತುಂಬಿತು. ಆಮ್ಲಜನಕದ ಸಿಲಿಂಡರು ಒಟ್ಟು ಎಂಟು. ಯಾರಿಗೆ ಹಚ್ಚಬೇಕು, ಯಾರಿಂದ ತೆಗೆಯಬೇಕು ಎಂದು ಡಾಕ್ಟರು ನನ್ನ ಮುಖ ನೋಡುತ್ತಾರೆ, ನಾನು ಅವರ ಮುಖ ನೋಡುತ್ತೇನೆ. ಇಪ್ಪತ್ತಾರು ವರ್ಷದಲ್ಲಿ ಇಂಥದ್ದನ್ನು ಕಂಡಿಲ್ಲ.

ನಿನ್ನ ಸುತ್ತೋಲೆಯನ್ನು ಬಂದ ದಿನವೇ ಜಾರಿಗೆ ತಂದೆ. ನನ್ನ ವಿಷಯ ಗೊತ್ತಲ್ಲ, ನಿಯಮವೆಂದರೆ ನಿಯಮ. ಅರವತ್ತೆರಡು ಜನ ಕಡೆಯವರನ್ನು ನಾನೇ ನಿಂತು ಹಿಂದಿನ ಗೇಟಿನಿಂದ ಹೊರಗೆ ಕಳಿಸಿದೆ. ಯಾರೂ ಜಗಳವಾಡಲಿಲ್ಲ. ಜಗಳವಾಡಿದ್ದರೇ ವಾಸಿಯಿತ್ತೇನೋ. ಒಬ್ಬೊಬ್ಬರೂ ಹೊರಡುವಾಗ ನನ್ನ ಕೈ ಹಿಡಿದು ಏನಾದರೊಂದು ಹೇಳಿ ಹೋದರು. ಲಾರಿ ಡ್ರೈವರನ ಹೆಂಡತಿ, "ಇವ್ರಿಗೆ ಎಡಗೈ ಏಳಲ್ಲ ಸಿಸ್ಟರ್, ಲೋಟ ಬಲಗಡೆ ಇಡ್ಸಿ" ಎಂದಳು. ಒಬ್ಬ ಮುದುಕ, "ನಮ್ಮಾಕೆ ಹಲ್ಲಿನ ಸೆಟ್ಟು ಡಬ್ಬೀಲಿದೆ, ಅದಿಲ್ದೆ ಏನೂ ತಿನ್ನಲ್ಲ, ನಾಚ್ಕೋತಾಳೆ" ಎಂದ. ಇನ್ನೊಬ್ಬ, "ಅಣ್ಣ ಕರೆಯೋನಲ್ಲ, ನೀವೇ ಹೋಗಿ ನೋಡ್ಬೇಕು" ಎಂದ. ಬರೆದುಕೊಳ್ಳಲು ಕಾಗದವಿಲ್ಲದೆ ಅಂಗೈ ಮೇಲೆ ಬರೆದುಕೊಂಡೆ. ಆಮೇಲೆ ಸೋಪು ಹಚ್ಚಿ ಕೈ ತೊಳೆಯಲೇಬೇಕಲ್ಲ, ಅದು ನಿನ್ನ ಎರಡನೇ ಅಂಶ. ಎಲ್ಲ ತೊಳೆದುಹೋಯಿತು.

ವಾರ್ಡು ಈಗ ನಿನಗೆ ಬೇಕಾದ ಹಾಗೆ ಇದೆ. ಸದ್ದಿಲ್ಲ, ಗದ್ದಲವಿಲ್ಲ. ಗಂಜಿಯ ತಟ್ಟೆ ಹಾಸಿಗೆ ಪಕ್ಕದ ಸ್ಟೂಲಿನ ಮೇಲೆ ಇಟ್ಟು ಬರುತ್ತೇವೆ, ಸಾಯಂಕಾಲ ಎತ್ತಿಕೊಂಡು ಬರುತ್ತೇವೆ. ಕೆಲವು ತಟ್ಟೆ ಇಟ್ಟಂತೆಯೇ ಇರುತ್ತವೆ.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡ. ಆ ಅರವತ್ತೆರಡು ಜನರ ಕೆಲಸ ಇನ್ನು ಮೇಲೆ ಯಾರು ಮಾಡಬೇಕು ಅಂತ ಸುತ್ತೋಲೆಯಲ್ಲಿ ಹುಡುಕಿದೆ. ಸಿಗಲಿಲ್ಲ. ಟೈಪು ಮಾಡುವಾಗ ಹತ್ತನೇ ಅಂಶ ಬಿಟ್ಟುಹೋಗಿದೆಯೇ?

ಅಕ್ಕ

—

ನಿರ್ದೇಶನಾಲಯ
ಏಪ್ರಿಲ್ ೬

ಅಕ್ಕಾ,

ನಿನ್ನ ಕಾಗದ ಓದಿ ಸಂಕಟವಾಯಿತು. ಎಷ್ಟು ದಣಿದಿದ್ದೀಯ ಎಂಬುದು ನಿನ್ನ ಅಕ್ಷರದಲ್ಲೇ ಗೊತ್ತಾಗುತ್ತದೆ. ಹತ್ತನೇ ಅಂಶದ ನಿನ್ನ ಕೊಂಕು ಮಾತಿಗೆ ಮಾತ್ರ ನಗು ಬಂತು. ಇಲ್ಲಕ್ಕಾ, ಇರುವುದು ಒಂಬತ್ತೇ. ಹೆಚ್ಚುವರಿ ನರ್ಸುಗಳ ಕಡತ ಮಂಜೂರಾತಿಗೆ ಹೋಗಿದೆ. ಬೆನ್ನುಬಿದ್ದಿದ್ದೇನೆ.

ನಿನ್ನ ನಿಜವಾದ ಕಷ್ಟ ಆಮ್ಲಜನಕ ಎಂದು ನನಗೆ ಗೊತ್ತು. ಹಲ್ಲು ಕಚ್ಚಿ ಜಗಳವಾಡಿ ನಿನ್ನ ಆಸ್ಪತ್ರೆಗೆ ಇಪ್ಪತ್ತು ಸಿಲಿಂಡರು ಬರೆಸಿದ್ದೇನೆ. ಲಾರಿ ಈ ವಾರವೇ ಹೊರಡುತ್ತದೆ. ಇನ್ನೊಂದು ಸಂತೋಷದ ಸುದ್ದಿ: ನಾಲ್ಕನೇ ಅಂಶದ ಪಾಲನೆಯಲ್ಲಿ ಇಡೀ ದೇಶಕ್ಕೆ ನಿಮ್ಮದೇ ಮೊದಲ ಸ್ಥಾನ. ನಿನ್ನೆಯ ಸಭೆಯಲ್ಲಿ ನಿರ್ದೇಶಕರು ಓದಿ ಹೇಳಿದರು. ಅದು ನಮ್ಮ ಅಕ್ಕನ ವಾರ್ಡು ಅಂತ ಬಾಯಿ ತುದಿಗೆ ಬಂದಿತ್ತು, ನುಂಗಿಕೊಂಡೆ.

ದೊಡ್ಡಮ್ಮನ ಬಗ್ಗೆ ಒಂದು ಸಾಲೂ ಇಲ್ಲವಲ್ಲ? ಬರಿ.

ತಮ್ಮ

—

ಜಿಲ್ಲಾ ಆಸ್ಪತ್ರೆ
ಏಪ್ರಿಲ್ ೧೯

ಶಾಯಿ,

ಗಾಬರಿಯಾಗಬೇಡ. ದೊಡ್ಡಮ್ಮನಿಗೆ ಜ್ವರ. ನಿನ್ನೆ ಮೂರನೇ ವಾರ್ಡಿಗೆ ಸೇರಿಸಿದ್ದೇವೆ, ಹತ್ತೊಂಬತ್ತನೇ ಹಾಸಿಗೆ, ಕಿಟಕಿ ಪಕ್ಕ. ಆಮ್ಲಜನಕದ ಮಟ್ಟ ತೊಂಬತ್ತಾರು ಇದೆ. ಸಿಲಿಂಡರಿನ ಅಗತ್ಯವೇ ಇಲ್ಲ, ಉಸಿರು ಸರಾಗವಾಗಿದೆ. ಡಾಕ್ಟರು, "ಇವ್ರು ಎದ್ದು ಮನೆಗೆ ಹೋಗೋ ಪೈಕಿ" ಎಂದರು.

ನಾನು ಹತ್ತಿರದಲ್ಲೇ ಇದ್ದೇನೆ, ಮೂವತ್ತು ಹೆಜ್ಜೆ. ಹೆಚ್ಚು ಬರೆಯಲು ಈಗ ಪುರುಸೊತ್ತಿಲ್ಲ.

ಅಕ್ಕ

—

ನಿರ್ದೇಶನಾಲಯ
ಏಪ್ರಿಲ್ ೨೧

ಅಕ್ಕಾ,

ಮೊದಲ ಸಾಲು ಓದಿ ಕುರ್ಚಿಯಿಂದ ಎದ್ದುಬಿಟ್ಟೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಸಮಾಧಾನವಾಯಿತು. ತೊಂಬತ್ತಾರು! ಇಲ್ಲಿ ದಿನವೂ ಎಪ್ಪತ್ತು, ಅರವತ್ತು ಎಂಬ ಅಂಕಿಗಳನ್ನೇ ನೋಡಿ ನೋಡಿ ಕಣ್ಣು ಕತ್ತಲಿಡುತ್ತದೆ. ಮೇಲಾಗಿ ನೀನಿದ್ದೀಯ. ವಾರ್ಡಿನ ಇನ್‌ಚಾರ್ಜ್ ಸಿಸ್ಟರೇ ಮನೆಮಗಳಾಗಿರುವಾಗ ದೊಡ್ಡಮ್ಮನಿಗೆ ಏನು ಕಮ್ಮಿ? ಉಳಿದವರ ಸ್ಥಿತಿ ನೆನೆಸಿಕೊಂಡು ನನಗೆ ನಾಚಿಕೆಯೇ ಆಯಿತು.

ಬಂದುಬಿಡೋಣ ಅನ್ನಿಸಿತು. ರಸ್ತೆ ಮುಚ್ಚುವ ಆದೇಶವನ್ನೂ ನಾನೇ ಬರೆದಿದ್ದು, ನನಗೆ ನಾನೇ ಅಡ್ಡ ಬಂದಂತಾಯಿತು.

ಹಾಂ, ಒಂದು ವಿಷಯ. ಎಲ್ಲರೂ ಮಾಸ್ಕು ಹಾಕಿಕೊಂಡಿದ್ದರೆ ದೊಡ್ಡಮ್ಮನಿಗೆ ತುಟಿ ಕಾಣಿಸುವುದಿಲ್ಲವಲ್ಲ? ದೊಡ್ಡ ಅಕ್ಷರದಲ್ಲಿ ಚೀಟಿ ಬರೆದು ತೋರಿಸು. ಇಲ್ಲದಿದ್ದರೆ ಡಾಕ್ಟರು ಏನು ಕೇಳಿದರೂ "ಬೇಡಪ್ಪಾ, ಸಾಕು" ಅಂತ ಕನ್ನಡಕದ ಕಥೆಯೇ ಮಾಡಿಬಿಡುತ್ತಾಳೆ! ಇದನ್ನು ನಿನಗೆ ಹೇಳಿಕೊಡಬೇಕಾಗಿಲ್ಲ, ಬಿಡು.

ಸಿಲಿಂಡರಿನ ಲಾರಿ ಎರಡು ವಾರ ತಡವಾಗಿ ಇವತ್ತು ಹೊರಡುತ್ತಿದೆ, ಅದರವನ ಕೈಲಿ ಇದನ್ನು ಕೊಡುತ್ತಿದ್ದೇನೆ. ವ್ಯಾನಿಗಿಂತ ಬೇಗ ತಲುಪಬಹುದು.

ತಮ್ಮ

—

ಜಿಲ್ಲಾ ಆಸ್ಪತ್ರೆ
ಏಪ್ರಿಲ್ ೨೭

ಶಾಯಿ,

ದೊಡ್ಡಮ್ಮ ಹೋದಳು. ಶುಕ್ರವಾರ ಬೆಳಿಗ್ಗೆ. ಸಂಕಟಪಡಲಿಲ್ಲ, ಮಲಗಿದಂತೆಯೇ ಹೋದಳು. ಈ ಜ್ವರವೇ ಹಾಗೆ, ಚೆನ್ನಾಗಿದ್ದಾರೆ ಅನ್ನುವಾಗಲೇ ಕೈಕೊಡುತ್ತದೆ. ಯಾರ ಕೈಯಲ್ಲೂ ಏನೂ ಇರಲಿಲ್ಲ.

ಲಾರಿ ದಾರಿಯಲ್ಲಿ ಮೂರು ಕಡೆ ನಿಂತು ನಿನ್ನೆ ಬಂತು. ನಿನ್ನ ಕಾಗದ ಓದಿದೆ.

ಮಣ್ಣು ಮಾಡುವಾಗ ನಾಲ್ಕೇ ಜನ, ಎಲ್ಲರೂ ಆಸ್ಪತ್ರೆಯವರು. ನೀನು ಬರಬೇಡ.

ಅಕ್ಕ

—

ನಿರ್ದೇಶನಾಲಯ
ಮೇ ೧೧

ಅಕ್ಕಾ,

ಎರಡು ವಾರ ನಿನಗೆ ಒಂದಕ್ಷರ ಬರೆಯಲಾಗಲಿಲ್ಲ. ಮೊದಲ ವಾರ ಅಳುತ್ತಿದ್ದೆ. ಎರಡನೇ ವಾರ ಏನಾಯಿತೆಂದು ಹೇಳುತ್ತೇನೆ. ಕೂತು ಓದು. ನಾನು ಬರೆಯುತ್ತಿರುವುದು ಸರಿಯೋ ತಪ್ಪೋ ನನಗೇ ತಿಳಿಯುತ್ತಿಲ್ಲ.

ಇನ್ನಷ್ಟು ಆಮ್ಲಜನಕ ಕೇಳಬೇಕಿತ್ತು. ಅದಕ್ಕೆ ಸಾಕ್ಷಿ ಬೇಕೆಂದು ಎಲ್ಲ ಜಿಲ್ಲೆಗಳ ಸಾವಿನ ಹಾಳೆಗಳನ್ನು ತೆಗೆದು, ಮೊದಲು ನಿಮ್ಮ ಆಸ್ಪತ್ರೆಯದನ್ನೇ ಹರವಿಕೊಂಡು ಕೂತೆ. ನಲವತ್ತಮೂರು ಸಾವು. ಉಸಿರು ಸಿಗದೆ ಹೋದವರು ನಲವತ್ತಮೂರೂ ಇರುತ್ತಾರೆ ಅಂದುಕೊಂಡಿದ್ದೆ. ಇಪ್ಪತ್ತಾರೇ ಇದ್ದರು. ಉಳಿದ ಹದಿನೇಳು ಜನರ ಆಮ್ಲಜನಕ ತೊಂಬತ್ತನಾಲ್ಕಕ್ಕಿಂತ ಮೇಲೆ. ಬರೆಯುವವರು ತಪ್ಪಿದ್ದಾರೆ ಅಂದುಕೊಂಡು ಕೊನೆಯ ಅಂಕಣಕ್ಕೆ ಬಂದೆ. ಹದಿನೇಳು ಜನರ ಮುಂದೆಯೂ ಒಂದೇ ಮಾತು: "ಆಹಾರ, ನೀರು ನಿರಾಕರಿಸಿದರು."

ಇನ್ನೊಂದು ಜಿಲ್ಲೆ ತೆಗೆದೆ. ಅಲ್ಲಿ ಹನ್ನೊಂದು ಜನ. ಮತ್ತೊಂದರಲ್ಲಿ ಇಪ್ಪತ್ತು. ಹೀಗೆ ಒಂಬತ್ತು ಜಿಲ್ಲೆ ನೋಡಿದೆ, ಎಲ್ಲದರಲ್ಲೂ ಅದೇ ಮಾತು. ಒಂದೇ ದೇಶದಲ್ಲಿ ಇಷ್ಟೊಂದು ಜನಕ್ಕೆ ಒಟ್ಟಿಗೇ ಬಾಯಾರಿಕೆ ನಿಂತುಹೋಯಿತೇ ಅಕ್ಕಾ? ಮಾರ್ಚ್ ಹದಿನಾರರ ಹಿಂದೆ ಅಂಥ ಸಾಲು ಎಲ್ಲೂ ಇಲ್ಲ. ಹಳೆಯ ಹಾಳೆಗಳನ್ನೂ ತೆಗೆಸಿ ನೋಡಿದೆ. ಒಂದೂ ಇಲ್ಲ.

ಆಮೇಲೆ ಆ ದಪ್ಪ ಪುಸ್ತಕ ತೆಗೆದೆ. ನಾನು ಪೀಠಿಕೆ ಎಂದು ಬಿಟ್ಟಿದ್ದೆನಲ್ಲ, ಅದರ ಇಪ್ಪತ್ತೆರಡನೇ ಪುಟ. ಈ ಮುಂದಿನ ನಿಯಮಗಳು ಎರಡು ಹಾಸಿಗೆಗೆ ಒಬ್ಬ ನರ್ಸ್ ಇರುವ ಆಸ್ಪತ್ರೆಗಳಿಗೆ ಮಾತ್ರ ಎಂದು ಅಲ್ಲಿದೆ. ಚೌಕ ಹಾಕಿ ಬರೆದಿದ್ದಾರೆ. ನಾನು ಅದನ್ನು ಮಗುಚಿ ಮುಂದೆ ಹೋಗಿದ್ದೆ. ನೀನು ಕೇಳಿದೆ, ಹತ್ತನೇ ಅಂಶ ಎಲ್ಲಿ ಎಂದು. ನಾನು ಅದನ್ನು ಕೊಂಕು ಅಂದುಕೊಂಡು ನಕ್ಕೆ. ನಕ್ಕಿದ್ದೇನೆಂದು ನಿನಗೆ ಬರೆದೂ ಬರೆದೆ!

ನಿರ್ದೇಶಕರ ಮುಂದೆ ಎಲ್ಲ ಇಟ್ಟೆ. "ಅಂಕಿಅಂಶನ ಹೀಗೆಲ್ಲ ಓದ್ಬಾರ್ದು ಕಣಯ್ಯ, ಮನೇಲಿ ಸಾವಾಗಿದೆ, ಸ್ವಲ್ಪ ದಿನ ರಜಾ ತಗೋ" ಎಂದರು.

ಇನ್ನು ಕೇಳಲೇಬೇಕಾದದ್ದು. ನಿಮ್ಮ ಹಾಳೆಯ ಮೂವತ್ತೊಂದನೇ ಸಾಲು. "ಹೆಂಗಸು, ೭೧, ಹಾಸಿಗೆ ೧೯, ಆಮ್ಲಜನಕ ೯೬. ಆಹಾರ, ನೀರು ನಿರಾಕರಿಸಿದರು." ಐದು ದಿನವೂ ಅದೇ.

ಅದು ಬೇಡ ಅಂದದ್ದಲ್ಲ, ಅರ್ಥವಾಗಲಿಲ್ಲ ಅಂದದ್ದು. ಇಡೀ ಲೋಕದಲ್ಲಿ ಅದು ಗೊತ್ತಿದ್ದವರು ಇಬ್ಬರೇ, ನೀನು ಮತ್ತು ನಾನು. ನಾನು ಇಲ್ಲಿ ಮೇಜಿನ ಮುಂದೆ ಕೂತಿದ್ದೆ. ನೀನು ಮೂವತ್ತು ಹೆಜ್ಜೆ ದೂರದಲ್ಲಿದ್ದೆ ಎಂದು ಬರೆದಿದ್ದೀಯ. ಐದು ದಿನ ನೀನು ಎಲ್ಲಿದ್ದೆ ಅಕ್ಕಾ?

ಬೈಯುತ್ತಿಲ್ಲ. ನಿಯಮ ಬರೆದವನು ನಾನು, ನಿನ್ನನ್ನು ಬೈಯುವ ಬಾಯಿ ನನಗಿಲ್ಲ. ಆದರೆ ನಿಜ ಹೇಳು.

ಶಾಯಿ

—

ಮೂರನೇ ವಾರ್ಡು
ಮೇ ೧೮

ಶಾಯಿ,

ನೀನು ಕೇಳದಿದ್ದರೆ ಸಾಯುವವರೆಗೂ ಬಾಯಿ ಬಿಡುತ್ತಿರಲಿಲ್ಲ.

ಏಪ್ರಿಲ್ ಹದಿನಾರಕ್ಕೆ ನನಗೇ ಜ್ವರ ಬಂತು. ನಾನು ಮನೆಗೆ ತೆಗೆದುಕೊಂಡು ಹೋದ ಜ್ವರವೇ ದೊಡ್ಡಮ್ಮನಿಗೆ ಹತ್ತಿದ್ದು, ಅನುಮಾನವೇ ಬೇಡ. ಸೋಂಕಾದ ಸಿಬ್ಬಂದಿ ಹದಿನಾಲ್ಕು ದಿನ ಕೋಣೆ ಬಿಟ್ಟು ಬರಬಾರದು ಎಂಬುದು ಆರನೇ ಅಂಶ. ಹಾಸಿಗೆ ಬಟ್ಟೆ ಇಡುವ ಕೋಣೆಯಲ್ಲಿ ನನ್ನನ್ನು ಮಲಗಿಸಿದರು. ಅಲ್ಲಿಂದ ವಾರ್ಡಿನ ಬಾಗಿಲಿಗೆ ಮೂವತ್ತು ಹೆಜ್ಜೆ. ಎಷ್ಟು ಸಲ ಎಣಿಸಿದ್ದೇನೆ ಎಂದರೆ ಲೆಕ್ಕ ತಪ್ಪುವ ಹಾಗೇ ಇಲ್ಲ. ನೀನು ಹೆದರುತ್ತೀಯ ಎಂದು ಬರೆಯಲಿಲ್ಲ. ಅದು ಮೊದಲನೆಯದು.

ಎರಡನೆಯದು. ಹತ್ತೊಂಬತ್ತನೇ ತಾರೀಕು ನಿನಗೆ ಕಾಗದ ಬರೆದ ಮೇಲೆ, ಎದುರುಮನೆ ಬೇಕರಿಯಾಕೆ ಗೇಟಿಗೆ ಬಂದಳು. ಗೇಟಿನವನು ನನ್ನ ಕೋಣೆಯ ಕಿಟಕಿಗೆ ಬಂದು ಹೇಳಿದ, "ಸಿಸ್ಟರ್, ನಿಮ್ಮ ದೊಡ್ಡಮ್ಮನ ಕಡೆಯವ್ರು ಅಂತ ಒಬ್ರು ಬಂದಿದಾರೆ. ಏನಾದ್ರೂ ಆಗ್ಲಿ, ನಾನೇ ಜೊತೆಗಿರ್ತೀನಿ ಅಂತಾರೆ. ಬಿಡ್ಲಾ?" ಅರವತ್ತೆರಡು ಜನರನ್ನು ಅದೇ ಗೇಟಿನಿಂದ ಆಚೆ ಹಾಕಿದವಳು ನಾನು. ನಮ್ಮವರಿಗೊಂದು ನಿಯಮ, ಊರಿಗೊಂದು ನಿಯಮವೇ? "ಬಿಡ್ಬೇಡ" ಎಂದೆ. ಹಾಗೆ ಹೇಳಿದ್ದಕ್ಕೆ ನನಗೆ ಆಗ ಹೆಮ್ಮೆಯೂ ಆಗಿತ್ತು ಕಣೋ.

ಮೂರನೆಯದನ್ನು ಬರೆಯಲು ಮೂರು ಸಲ ಪೆನ್ನು ಕೆಳಗಿಟ್ಟೆ.

ಇಪ್ಪತ್ತೊಂದರ ಮಧ್ಯಾಹ್ನ ನಮ್ಮ ಉದ್ದಜಡೆಯ ಹುಡುಗಿ ಬಂದು ಬಾಗಿಲ ಹೊರಗೆ ನಿಂತಳು. ಆ ವಾರವೆಲ್ಲ ಅರವತ್ತನಾಲ್ಕು ಹಾಸಿಗೆಗೆ ಅವಳೊಬ್ಬಳೇ ನರ್ಸು. "ಸಿಸ್ಟರ್, ನಿಮ್ಮ ದೊಡ್ಡಮ್ಮ ಗಂಜಿ ಬೇಕಾ ಅಂದ್ರೂ ಬೇಡ ಅಂತಾರೆ, ನೀರು ಅಂದ್ರೂ ಬೇಡ ಅಂತಾರೆ. ನಗ್ತಾ ಕೈ ಆಡಿಸ್ತಾರೆ. ಏನ್ ಮಾಡ್ಲಿ?" ಎಂದು ಕೇಳಿದಳು. ನನಗೆ ನೂರ ಮೂರು ಜ್ವರ. ಕಣ್ಣು ಮುಚ್ಚಿಕೊಂಡೇ ಹೇಳಿದೆ, "ಬೇಡ ಅಂದ್ರೆ ಬಲವಂತ ಮಾಡ್ಬೇಡ, ವಾಂತಿ ಆದೀತು. ಮುಂದಿನ ಹಾಸಿಗೆ ನೋಡು."

ಇಪ್ಪತ್ತಾರು ವರ್ಷದಿಂದ ಹೊಸ ನರ್ಸುಗಳಿಗೆಲ್ಲ ಹೇಳಿಕೊಟ್ಟ ಮಾತು ಅದು. ನಾಲಿಗೆಯ ಮೇಲೆ ಸಿದ್ಧವಾಗಿತ್ತು, ಬಂದುಬಿಟ್ಟಿತು. ನಗುತ್ತಾ ಕೈ ಆಡಿಸುತ್ತಾರೆ ಎಂದು ಅವಳು ಹೇಳಿದ್ದನ್ನು ಕಿವಿಯಾರೆ ಕೇಳಿಯೂ ನನ್ನ ತಲೆಗೆ ಹೋಗಲಿಲ್ಲ. ಮನೆಯಲ್ಲಿ ನಾನೇ ಅದನ್ನು ನಟಿಸಿ ತೋರಿಸಿ ನಗಿಸುತ್ತಿದ್ದೆ! ಆ ಹುಡುಗಿ ನನ್ನ ಮಾತು ನಂಬಿ ಹೋದಳು. ಹೇಳಿದವಳು ಇನ್‌ಚಾರ್ಜ್ ಸಿಸ್ಟರು, ಮೇಲಾಗಿ ಸ್ವಂತ ಮಗಳಂಥವಳು, ಇನ್ನು ಯಾರನ್ನು ಕೇಳಬೇಕು? ಡ್ರಿಪ್ಪು ಏಕೆ ಹಾಕಲಿಲ್ಲ ಎಂದು ಕೇಳುತ್ತೀಯ. ಆ ವಾರ ಉಳಿದಿದ್ದದ್ದು ಒಂಬತ್ತು ಬಾಟಲಿ. ಉಸಿರಾಟ ಚೆನ್ನಾಗಿದ್ದ ಮುದುಕಿಗೆ ಒಂಬತ್ತನೇ ಸ್ಥಾನವೂ ಸಿಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಸುದ್ದಿ ಬಂದಾಗ ಯಾವ ಅಂಶವನ್ನೂ ನೆನೆಯದೆ ಎದ್ದು ಹೋದೆ. ಮೂವತ್ತೇ ಹೆಜ್ಜೆ. ಗಂಜಿ ಸ್ಟೂಲಿನ ಮೇಲೆ ಕೆನೆಗಟ್ಟಿತ್ತು. ನೀರಿನ ಜಗ್ಗು ತುಂಬಿದ ಹಾಗೇ ಕಿಟಕಿಯ ಕಟ್ಟೆ ಮೇಲಿತ್ತು, ಮುಚ್ಚಳ ತೆಗೆದಿರಲಿಲ್ಲ. ಮಲಗಿದವರ ಕೈಗೆ ಎಟುಕುವ ಎತ್ತರವಲ್ಲ ಅದು. ತುಟಿಗಳು ಹೇಗಿದ್ದವೆಂದು ನಿನಗೆ ಬರೆಯಲಾರೆ. ಸಂಕಟಪಡಲಿಲ್ಲ ಎಂದು ಬರೆದೆನಲ್ಲ, ಅದು ಸುಳ್ಳು. ನನಗೆ ಗೊತ್ತಿಲ್ಲ. ನೋಡಿದವರು ಯಾರೂ ಇಲ್ಲ.

ಉಸಿರಿಗೆ ಏನೂ ಆಗಿರಲಿಲ್ಲ. ಜ್ವರವೂ ಇಳಿದಿತ್ತಂತೆ, ಗುರುವಾರವೇ.

ಎರಡು ದಿನ ಬಿಟ್ಟು ಚೀಟಿ ಬರೆದು ತೋರಿಸು ಎಂಬ ನಿನ್ನ ಕಾಗದ ಬಂತು. ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು. ಅಲ್ಲಿ ಕೂತವನಿಗೆ ಹೊಳೆದದ್ದು ಇಲ್ಲಿದ್ದವಳಿಗೆ ಹೊಳೆಯಲಿಲ್ಲ.

ಮೊನ್ನೆ ಹನ್ನೆರಡನೇ ತಾರೀಕು ನಾನೇ ಹಿಂದಿನ ಗೇಟಿಗೆ ಹೋದೆ. ಕಡೆಯವರು ಯಾರೂ ಮನೆಗೆ ಹೋಗಿಯೇ ಇರಲಿಲ್ಲ ಶಾಯಿ. ಬೇಲಿಯಾಚೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಐವತ್ತು ದಿನದಿಂದ ಕೂತಿದ್ದರು. ಕೆಲವರ ಪೇಷಂಟು ಹೋಗಿ ವಾರವಾಗಿದ್ದರೂ ಯಾರೂ ಹೇಳಿರಲಿಲ್ಲ. ಹಾಸಿಗೆಗೆ ಒಬ್ಬರಂತೆ ಒಳಗೆ ಬಿಟ್ಟೆ. ಹಳೆಯ ಹಾಸಿಗೆ ಬಟ್ಟೆ ಕತ್ತರಿಸಿ ಬೇಕರಿಯಾಕೆ ನಮ್ಮ ಮನೆಯ ಮಿಷನ್ನಿನಲ್ಲೇ ಎಲ್ಲರಿಗೂ ಮೇಲಂಗಿ ಹೊಲಿದಳು. ದಿನವೂ ಕುದಿಸಿ ಒಣಗಿಸುತ್ತೇವೆ. ಲಾರಿ ಡ್ರೈವರನ ಹೆಂಡತಿ ಒಳಗೆ ಬಂದವಳೇ ಲೋಟವನ್ನು ಬಲಗಡೆಗೆ ಸರಿಸಿದಳು. ಅವನು ಒಂದೇ ಉಸಿರಿಗೆ ಮೂರು ಲೋಟ ಕುಡಿದ. ನಾನು ಬಾಗಿಲಲ್ಲಿ ನಿಂತು ನೋಡಿದೆ, ನೋಡಲಾಗಲಿಲ್ಲ, ಆದರೂ ನೋಡಿದೆ. ಹಲ್ಲಿನ ಸೆಟ್ಟಿನ ಮುದುಕ ಮಾತ್ರ ಡಬ್ಬಿ ತೆಗೆದುಕೊಂಡು ವಾಪಸು ಹೋದ.

ಎಲ್ಲ ಸರಿಹೋಯಿತೆಂದು ತಿಳಿಯಬೇಡ. ಒಳಗೆ ಬಂದವರಲ್ಲಿ ಮೂವರಿಗೆ ಜ್ವರ ಹತ್ತಿದೆ. ಅದೂ ನನ್ನ ತಲೆಯ ಮೇಲೆ. ಆದರೆ ಈ ಆರು ದಿನದಲ್ಲಿ ಕೊನೆಯ ಅಂಕಣದಲ್ಲಿ ನಾವು ಆ ಮಾತನ್ನು ಒಂದು ಸಲವೂ ಬರೆದಿಲ್ಲ. ನಿಯಮ ಮುರಿದದ್ದಕ್ಕೆ ನನ್ನ ಮೇಲೆ ಕ್ರಮವಾಗುತ್ತದೆ. ಆ ಆದೇಶವೂ ನಿನ್ನ ಕೈಯಿಂದಲೇ ಬರೆಯಿಸಿದರೆ ಬರಿ, ಸಂಕೋಚಪಡಬೇಡ.

ನಿನ್ನ ತಪ್ಪು ಮುನ್ನೂರು ಪುಟದ ಪುಸ್ತಕದಲ್ಲಿತ್ತು. ನನ್ನದು ಬಾಯಲ್ಲೇ ಇತ್ತು. ನಿನಗೆ ಮುಖ ತೋರಿಸಲು ನನಗೆ ಆಗುವುದಿಲ್ಲ. ನೀನು ಇಲ್ಲಿಗೆ ಬರುವುದು ಬೇಡ. ನನಗೆ ಯಾರೂ ಬೇಡ, ನಾನು ಚೆನ್ನಾಗಿಯೇ ಇದ್ದೇನೆ.

ಅಕ್ಕ

—

ನಿರ್ದೇಶನಾಲಯ
ಮೇ ೨೫

ಅಕ್ಕಾ,

ನಿನ್ನ ಕಾಗದ ಎರಡು ಸಲ ಓದಿದೆ. ಮೂರನೇ ಸಲ ಓದುವ ಧೈರ್ಯವಾಗಲಿಲ್ಲ. ಕ್ಷಮಿಸಿದೆ ಎಂದು ಬರೆಯಬೇಕೋ, ಕ್ಷಮಿಸು ಎಂದು ಬರೆಯಬೇಕೋ ತಿಳಿಯದೆ ಎರಡನ್ನೂ ಬಿಟ್ಟಿದ್ದೇನೆ.

ಹೊಸ ಸುತ್ತೋಲೆ ಬರೆದಿದ್ದೇನೆ. ಒಂದೇ ಪುಟ. ಹಾಸಿಗೆಗೆ ಒಬ್ಬರು ಕಡೆಯವರು ಇರತಕ್ಕದ್ದು. "ನಿರಾಕರಿಸಿದರು" ಎಂದು ಬರೆಯುವ ಮೊದಲು ಲೋಟವನ್ನು ಕಣ್ಣೆದುರು ಹಿಡಿದು ಇನ್ನೊಮ್ಮೆ ಕೇಳತಕ್ಕದ್ದು. ನಿರ್ದೇಶಕರು, "ಇದೇನು ಸರ್ಕಾರದ ಭಾಷೆನೇನಯ್ಯ?" ಎಂದರು. ಒಂಬತ್ತು ಜಿಲ್ಲೆಯ ಹಾಳೆಗಳನ್ನು ಅವರ ಮುಂದೆ ಹರವಿ, ಒಂದೊಂದೇ ಸಾಲು ಓದುತ್ತಾ ನಿಂತೆ. ಕುಳಿತುಕೋ ಎಂದರೂ ಕುಳಿತುಕೊಳ್ಳಲಿಲ್ಲ. ನೂರ ಹನ್ನೆರಡನೇ ಸಾಲಿಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಹಿ ಇನ್ನೂ ಹಾಕಿಲ್ಲ. ಸಹಿಯಾಗದ ಪ್ರತಿಯನ್ನೇ ಪ್ರತಿಯೊಂದು ಆಸ್ಪತ್ರೆಯ ಚೀಲಕ್ಕೂ ನಾನೇ ತೂರಿಸಿದ್ದೇನೆ. ಹನ್ನೊಂದು ವರ್ಷ ಚೀಲದಲ್ಲಿ ಕಾಗದ ತೂರಿಸಿದ ಅಭ್ಯಾಸ ಇವತ್ತು ಕೆಲಸಕ್ಕೆ ಬಂತು. ನಾಳೆ ಕೆಲಸ ಹೋದರೆ ಹೋಗಲಿ.

ಇದು ನಿನಗೆ ತಲುಪುವ ವ್ಯಾನಿನಲ್ಲೇ, ಡ್ರೈವರನ ಪಕ್ಕದಲ್ಲಿ ನಾನೂ ಕೂತಿರುತ್ತೇನೆ. ಗೇಟಿನವನು ಯಾರ ಕಡೆಯವರು ಎಂದರೆ ಸಿಸ್ಟರ್ ಕಡೆಯವನು ಅನ್ನುತ್ತೇನೆ. ಬಿಡಲು ಹೇಳು.

ಬರುವುದು ಬೇಡ ಎಂದು ಬರೆದಿದ್ದೀಯ, ಯಾರೂ ಬೇಡ ಎಂದು ಬರೆದಿದ್ದೀಯ. ನಮ್ಮ ಮನೆಯವರು ಬೇಡ ಅಂದದ್ದನ್ನು ಒಂದೇ ಸಲಕ್ಕೆ ನಂಬಿದ್ದು ಸಾಕು ಅಕ್ಕಾ. ಎದುರು ನಿಂತು, ಮುಖ ನೋಡಿ, ಇನ್ನೊಮ್ಮೆ ಕೇಳುತ್ತೇನೆ.

ನಿನ್ನ
ಶಾಯಿ